ಎರಡು ದಫ್ತರ, ಒಂದು ಹೆಬ್ಬಟ್ಟು

ಖಾಸಗಿತನ ಅನ್ನೋ ಮಾತು ಎತ್ತಿದರೆ ಯಮಕನಮರಡಿಯ ಕಟ್ಟೆಯ ಮೇಲೆ ಕೂತ ನಮ್ಮ ಮಂದಿ ನಗುತ್ತಾರೆ. ಒಂದೇ ಖೋಲಿಯ ಮನಿ, ಅದರಾಗ ಆರು ಜನ, ಬಾಗಿಲಿಗೆ ಹಳೇ ಸೀರೆಯ ಪಡದೆ. 'ಮುಚ್ಚಿಡಾಕ ನಮ್ಮ ಕಡೆ ಏನೈತ್ರಿ?' ಅಂತಾರೆ. ಪೇಟೆಯ ಓದಿದ ಜನ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ: ಬಡವನಿಗೆ ಬೇಕಾದದ್ದು ಅಕ್ಕಿ, ಖಾಸಗಿತನವಲ್ಲ. ಎರಡೂ ಒಂದೇ ಮಾತಿನಂತೆ ಕಾಣುತ್ತವೆ, ಒಂದಲ್ಲ. ಮೊದಲನೆಯದು ನೋವು ನುಂಗಿದ ನಗೆ. ಎರಡನೆಯದು ಆಳುವವರ ಜಾಣತನ.

ಮುಚ್ಚಿಡಲು ನಮಗೆ ಏನೂ ಇಲ್ಲ ಅನ್ನೋದು ಸುಳ್ಳು. ಧಾರವಾಡಕ್ಕೋ ಬೆಳಗಾವಿಗೋ ಓದಲು ಹೋದ ಕೇರಿಯ ಹುಡುಗ ಬಾಡಿಗೆ ಖೋಲಿ ಕೇಳುವಾಗ ಅಡ್ಡಹೆಸರು ನುಂಗಿ ಬರೇ ಹೆಸರು ಹೇಳುತ್ತಾನಲ್ಲ, ಅದೇನು? 'ನೀವು ಯಾವ ಪೈಕಿ?' ಎಂದು ಮಾಲಕ ಕೇಳಿದ ಕೂಡಲೇ ಗಂಟಲು ಒಣಗುತ್ತದಲ್ಲ, ಅದೇನು? ನಮ್ಮ ವಿಷಯ ಯಾರಿಗೆ, ಯಾವಾಗ, ಎಷ್ಟು ಗೊತ್ತಾಗಬೇಕು ಎಂದು ನಾವೇ ತೀರ್ಮಾನಿಸುವ ಅಧಿಕಾರ. ಅದಕ್ಕೇ ವಕೀಲರು ಖಾಸಗಿತನ ಎಂದು ಹೆಸರಿಟ್ಟಿದ್ದಾರೆ. ಹಳ್ಳಿಯಲ್ಲಿ ಆ ಅಧಿಕಾರ ನಮಗೆ ಎಂದೂ ಇರಲಿಲ್ಲ. ಗೌಡನ ಚಾವಡಿ ಇತ್ತು, ಕುಲಕರ್ಣಿಯ ದಫ್ತರ ಇತ್ತು. ಯಾರ ಹೊಲ, ಯಾರ ಸಾಲ, ಯಾರ ವತನ, ಯಾರ ಬಿಟ್ಟಿ, ಎಲ್ಲ ಅದರಾಗ. ನಮ್ಮ ಹಿರಿಯರು ಓದಲಾರದ ಅಕ್ಷರದಲ್ಲಿ, ಎಷ್ಟೋ ಕಡೆ ಮೋಡಿ ಲಿಪಿಯಲ್ಲಿ, ನಮ್ಮ ಹಿರಿಯರ ಬದುಕು ಬರೆದಿತ್ತು. 1950ರ ಮುಂಬಯಿ ಕಾಯ್ದೆ ಕುಲಕರ್ಣಿ ವತನವನ್ನು ರದ್ದು ಮಾಡಿತು. ದಫ್ತರ ರದ್ದಾಗಲಿಲ್ಲ, ಕೈ ಬದಲಾಯಿಸಿತು ಅಷ್ಟೆ.

ದಫ್ತರಕ್ಕೆ ಬೆರಳಚ್ಚು ಕೂಡಿದ್ದು ಬ್ರಿಟಿಷರ ಕಾಲದಲ್ಲಿ. ಬೆರಳಚ್ಚಿನ ವಿದ್ಯೆ ವಿಲಾಯತಿಯಲ್ಲಿ ಹುಟ್ಟಿ ಇಲ್ಲಿಗೆ ಬಂದದ್ದೆಂದು ಬಹಳ ಜನ ತಿಳಿದಿದ್ದಾರೆ. ಸರಕಾರದ ಕೆಲಸಕ್ಕೆ ಅದನ್ನು ಹೂಡಿದ್ದು ಇಲ್ಲಿಯೇ, ನಮ್ಮಂಥವರ ಕೈಯ ಮೇಲೆಯೇ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಒಬ್ಬ ಗುತ್ತಿಗೆದಾರನ ಅಂಗೈಗೆ ಮಸಿ ಬಳಿದು ಕರಾರುಪತ್ರದ ಮೇಲೆ ಒತ್ತಿಸಿಕೊಂಡ. 1877ರಲ್ಲಿ ಹೂಗ್ಲಿಯಲ್ಲಿ ಪಿಂಚಣಿ ಪಡೆಯುವವರಿಂದ, ಕೈದಿಗಳಿಂದ ಬೆರಳಚ್ಚು ತೆಗೆಸಲು ಹಚ್ಚಿದ. ಪಿಂಚಣಿಯವನೂ ಕೈದಿಯೂ ಒಂದೇ ಮಸಿಡಬ್ಬಿಯ ಮುಂದೆ ನಿಂತರು. ಇದನ್ನು ಓದುಗರು ನೆನಪಿನಲ್ಲಿಡಬೇಕು. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಲಕ್ಷ ಬೆರಳುಗಳಲ್ಲಿ ಒಂದನ್ನು ಹುಡುಕಿ ತೆಗೆಯುವ ಲೆಕ್ಕ ಕಟ್ಟುವುದರಲ್ಲಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಜಗತ್ತು ಅದನ್ನು ಅವರ ಸಾಹೇಬ ಎಡ್ವರ್ಡ್ ಹೆನ್ರಿಯ ಹೆಸರಿನಿಂದ ಕರೆಯುತ್ತದೆ.

ಈ ಬೆರಳು ಯಾರನ್ನು ಹಿಡಿಯಲು? 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ಬಂತು. ಇಡೀ ಒಂದು ಜಾತಿಯನ್ನೇ ಹುಟ್ಟಾ ಅಪರಾಧಿ ಎಂದು ಸಾರುವ ಕಾಯ್ದೆ. ಹಾಗೆ ಸಾರಿದ್ದನ್ನು ಕೋರ್ಟಿನಲ್ಲಿ ಪ್ರಶ್ನೆ ಮಾಡುವಂತಿಲ್ಲ ಎಂದು ಕಾಯ್ದೆಯೇ ಬಾಯಿ ಕಟ್ಟಿತ್ತು. 1911ರಲ್ಲಿ ಅದನ್ನು ತಿದ್ದಿ ಮುಂಬಯಿ ಪ್ರಾಂತಕ್ಕೂ ಹಬ್ಬಿಸಿದರು; ಬೆಳಗಾವಿ, ಬಿಜಾಪುರ, ಧಾರವಾಡ ಆಗ ಆ ಪ್ರಾಂತದಲ್ಲಿದ್ದವು. ಗಂಟಿಚೋರರು, ಛಪ್ಪರಬಂದರು, ಹರಣಶಿಕಾರಿಗಳು, ಕೈಕಾಡಿಗಳು ರಿಜಿಸ್ಟರಿನಲ್ಲಿ ಹತ್ತಿದರು. ಹೆಸರು ಬರೆಸಬೇಕು, ಬೆರಳೊತ್ತಬೇಕು, ಹಾಜರಿ ಕೊಡಬೇಕು, ಊರು ಬಿಡಬೇಕಾದರೆ ಪಾಸು ತೆಗೆದುಕೊಳ್ಳಬೇಕು. ಬೀಗರ ಮನೆಗೆ ಪಾಸಿಲ್ಲದೆ ಹೋದರೂ ಅದು ಗುನ್ಹೆ. ಮಕ್ಕಳನ್ನು ತಾಯಿತಂದೆಯಿಂದ ಬಿಡಿಸಿ ಬೇರೆ ಶಾಲೆಯಲ್ಲಿಡುವ ಅಧಿಕಾರವೂ ಕಾಯ್ದೆಯಲ್ಲಿತ್ತು.

ಇದು ದೂರದ ಕತೆಯಲ್ಲ. ಹುಬ್ಬಳ್ಳಿ, ಗದಗದಲ್ಲಿ 'ಸೆಟ್ಲಮೆಂಟ್' ಎಂಬ ಓಣಿಯ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಯಮಕನಮರಡಿಯಿಂದ ಮೂಡಲಕ್ಕೆ ಹೋದರೆ ಸಿಗುವ ಗೋಕಾಕ ಫಾಲ್ಸ್‌ನಲ್ಲೂ ಅಂಥ ಸೆಟ್ಲಮೆಂಟ್ ಇತ್ತು. ಘಟಪ್ರಭೆಯ ನೀರು ಧುಮುಕುವಲ್ಲಿ 1880ರ ದಶಕದಲ್ಲೇ ಎದ್ದ ಹತ್ತಿಗಿರಣಿ ಪಕ್ಕದಲ್ಲಿ. ಕಾವಲಿನ ಜನ ಒಂದು ಕಡೆ, ಕೂಲಿ ಬೇಕಾದ ಗಿರಣಿ ಇನ್ನೊಂದು ಕಡೆ. ಸುಧಾರಣೆ ಎಂದರೆ ಇದೇ ಎಂದು ಸಾಹೇಬರು ನಂಬಿದ್ದರು. ಫಾಲ್ಸ್ ನೋಡಲು ಹೋದವರು ತೂಗುಸೇತುವೆಯ ಮೇಲೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ಸೆಟ್ಲಮೆಂಟಿನ ಸುದ್ದಿ ಅಲ್ಲಿ ಯಾರೂ ಹೇಳುವುದಿಲ್ಲ.

ಮುಂಬಯಿ ಪ್ರಾಂತದ ಈ ಸೆಟ್ಲಮೆಂಟುಗಳನ್ನು ನೋಡಿಕೊಂಡವನು ಓ.ಎಚ್.ಬಿ. ಸ್ಟಾರ್ಟೆ. ಈ ಹೆಸರನ್ನು ಬಿಟ್ಟು ನಮ್ಮ ಚರಿತ್ರೆ ಮುಂದೆ ಹೋಗದು. ಯಾಕೆಂದರೆ 1928ರಲ್ಲಿ ಮುಂಬಯಿ ಸರಕಾರ ಅಸ್ಪೃಶ್ಯರ ಮತ್ತು ಆದಿವಾಸಿಗಳ ಸ್ಥಿತಿ ತಿಳಿಯಲು ಒಂದು ಸಮಿತಿ ಮಾಡಿತು. ಅಧ್ಯಕ್ಷ ಇದೇ ಸ್ಟಾರ್ಟೆ. ಸದಸ್ಯರಲ್ಲಿ ಒಬ್ಬರು ಡಾ. ಅಂಬೇಡ್ಕರ್. ಶಾಲೆ, ವಿದ್ಯಾರ್ಥಿ ವಸತಿ, ಜಮೀನು, ನೌಕರಿ ಯಾರಿಗೆ ಎಷ್ಟು ಸಿಕ್ಕಿಲ್ಲ ಎಂದು ಸಮಿತಿ ಲೆಕ್ಕ ಹಾಕಿತು, 1930ರಲ್ಲಿ ವರದಿ ಕೊಟ್ಟಿತು. ಒಬ್ಬನೇ ಅಧಿಕಾರಿ, ಎರಡು ದಫ್ತರ. ಒಂದರಲ್ಲಿ ನಮ್ಮನ್ನು ಕಾಯಲು ಬರೆದ. ಇನ್ನೊಂದರಲ್ಲಿ ನಮಗೆ ಕೊಡಲು ಬರೆದ. ಬಾಬಾಸಾಹೇಬರು ಎರಡನೆಯ ದಫ್ತರದ ಮುಂದೆ ಕೂತರು. ಎಣಿಸಬೇಡಿ ಎನ್ನಲಿಲ್ಲ, ಎಣಿಸುವ ಮೇಜಿನ ಬಳಿ ತಮಗೂ ಕುರ್ಚಿ ಬೇಕು ಎಂದರು.

ಸ್ವಾತಂತ್ರ್ಯ ಬಂತು. 1952ರ ಆಗಸ್ಟ್ 31ರಂದು ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ದೇಶದಾದ್ಯಂತ ರದ್ದಾಯಿತು. ಅದರ ಜಾಗದಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಜಾತಿಯ ಹೆಸರು ಹೋಯಿತು, ಪೊಲೀಸ್ ಠಾಣೆಯ ಹಿಸ್ಟರಿ ಶೀಟು ಉಳಿಯಿತು. ನಮ್ಮ ದೇಶದಲ್ಲಿ ಖಾಸಗಿತನದ ದೊಡ್ಡ ಮೊಕದ್ದಮೆ ಹುಟ್ಟಿದ್ದು ಬಂಗಲೆಯಲ್ಲಲ್ಲ, ಈ ಹಿಸ್ಟರಿ ಶೀಟಿನಲ್ಲಿ. ಉತ್ತರ ಪ್ರದೇಶದ ಖಡಕ್ ಸಿಂಗ್ ಎಂಬವನನ್ನು ಡಕಾಯಿತಿ ಕೇಸಿನಲ್ಲಿ ಹಿಡಿದು, ಸಾಕ್ಷಿ ಇಲ್ಲವೆಂದು ಬಿಟ್ಟರು. ಬಿಟ್ಟ ಮೇಲೂ ಅವನ ಹೆಸರಿನ ಶೀಟು ತೆರೆದರು. ನಡುರಾತ್ರಿ ಪೊಲೀಸರು ಬಾಗಿಲು ಬಡಿಯುವುದು, ಎಬ್ಬಿಸಿ ಹೊರಗೆ ಕರೆಯುವುದು, ಎಲ್ಲಿಗೆ ಹೋದ ಯಾರನ್ನು ಕಂಡ ಎಂದು ಬರೆದುಕೊಳ್ಳುವುದು. ಅವನು ಸುಪ್ರೀಂ ಕೋರ್ಟಿಗೆ ಹೋದ. 1962ರ ತೀರ್ಪಿನಲ್ಲಿ ಕೋರ್ಟು ರಾತ್ರಿ ಬಾಗಿಲು ಬಡಿಯುವುದು ತಪ್ಪು ಎಂದಿತು. ಆದರೆ ಹಿಂದೆ ಬಿದ್ದು ನೋಡುವುದಕ್ಕೆ ಅಡ್ಡಿಯಿಲ್ಲ, ಖಾಸಗಿತನ ಸಂವಿಧಾನದಲ್ಲಿ ಮೂಲಭೂತ ಹಕ್ಕಲ್ಲ ಎಂದೂ ಹೇಳಿತು. ಆರು ಜನ ನ್ಯಾಯಮೂರ್ತಿಗಳಲ್ಲಿ ಸುಬ್ಬರಾವ್ ಮತ್ತು ಶಾ ಇಬ್ಬರೇ ಒಪ್ಪಲಿಲ್ಲ. ಬಿಟ್ಟೂ ಬಿಡದ ಕಣ್ಣು ಬೆನ್ನಿಗೆ ಇದ್ದಾಗ ಮನುಷ್ಯ ಸ್ವತಂತ್ರನಲ್ಲ ಎಂಬುದು ಸುಬ್ಬರಾವ್ ಅವರ ವಾದದ ಸಾರ. ಸೆಟ್ಲಮೆಂಟಿನಲ್ಲಿ ಹಾಜರಿ ಕೊಟ್ಟ ಮುದುಕಿ ಇದನ್ನು ಇನ್ನೂ ಚಲೋ ಹೇಳುತ್ತಿದ್ದಳು. ಕೇಳುವವರು ಯಾರೂ ಇರಲಿಲ್ಲ.

ಆ 1962ರ ಮಾತನ್ನು ಅಳಿಸಲು 55 ವರ್ಷ ಬೇಕಾಯಿತು. ಅಳಿಸಿದ ಮೊಕದ್ದಮೆಗೆ ಕನ್ನಡನಾಡಿನ ಒಬ್ಬ ಮುದುಕರ ಹೆಸರಿದೆ. ಕೆ.ಎಸ್. ಪುಟ್ಟಸ್ವಾಮಿ, 1977ರಿಂದ 1986ರ ತನಕ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ. 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆಧಾರ್ ಪ್ರಾಧಿಕಾರ ಹುಟ್ಟಿದ್ದು 2009ರಲ್ಲಿ. ಮೊದಲ ಸಂಖ್ಯೆ ಕೊಟ್ಟದ್ದು 2010ರ ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ನಂದೂರಬಾರ ಜಿಲ್ಲೆಯ ಟೆಂಭಲಿ ಎಂಬ ಆದಿವಾಸಿ ಹಳ್ಳಿಯಲ್ಲಿ. ಹೊಸ ಯಂತ್ರದ ಪರೀಕ್ಷೆಗೆ ಆದಿವಾಸಿಯ ಬೆರಳು. ಹೂಗ್ಲಿಯಿಂದ ಟೆಂಭಲಿಗೆ ದಾರಿ ದೂರವೇನಿಲ್ಲ. ಇದಕ್ಕೆ ಪಾರ್ಲಿಮೆಂಟಿನ ಕಾಯ್ದೆ ಬಂದದ್ದು 2016ರಲ್ಲಿ, ಕೋಟಿಗಟ್ಟಲೆ ಜನರ ಕಣ್ಣು ಬೆರಳು ಒಳಗೆ ಹೋದ ಮೇಲೆ.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಬಡವರಿಗೆ ಹೊಟ್ಟೆಯ ಚಿಂತೆಯೊಂದೇ, ನಾಗರಿಕ ಹಕ್ಕು ಬೇಡ ಎಂಬ ವಾದವನ್ನು ಆ ತೀರ್ಪು ಹೆಸರಿಟ್ಟು ತಳ್ಳಿಹಾಕಿತು. ನಮ್ಮ ಮಟ್ಟಿಗೆ ಅದರ ಹೃದಯ ಅಲ್ಲಿದೆ. ಆದರೆ 2018ರ ಸೆಪ್ಟೆಂಬರ್ 26ರಂದು ಆಧಾರ್ ಕುರಿತ ತೀರ್ಪು ಬಂದಾಗ ಯಾರಿಗೆ ಏನು ಸಿಕ್ಕಿತು ನೋಡಿ. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ, ಶಾಲೆಯ ಪ್ರವೇಶಕ್ಕೆ ಕಡ್ಡಾಯವಿಲ್ಲ ಎಂದರು. ರೇಷನ್ನಿಗೆ, ಸರಕಾರದ ಸಹಾಯಧನಕ್ಕೆ ಕೇಳಬಹುದು ಎಂದರು. ವರಮಾನ ತೆರಿಗೆ ಕಟ್ಟುವವರ ಪ್ಯಾನ್ ಕಾರ್ಡಿಗೂ ಬಿಡಲಿಲ್ಲ, ನಿಜ. ಆದರೆ ತೆರಿಗೆಯವನ ಬೆರಳು ಯಂತ್ರಕ್ಕೆ ಹತ್ತದಿದ್ದರೆ ಅವನು ಅಂದು ಉಪವಾಸ ಮಲಗುವುದಿಲ್ಲ. ಐವರಲ್ಲಿ ಚಂದ್ರಚೂಡ್ ಒಬ್ಬರೇ ಇಡೀ ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಎಂದು ಬರೆದರು.

ಕಬ್ಬು ಕಡಿಯುವವರ, ತಂಬಾಕು ತಿಕ್ಕುವವರ, ಗಾರೆ ಕಲಸುವವರ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ದುಡಿದು ಸವೆದದ್ದನ್ನು ಯಂತ್ರ 'ಹೊಂದಿಕೆಯಾಗಿಲ್ಲ' ಅನ್ನುತ್ತದೆ. ಒರೆಸಿ ಒತ್ತು, ಇನ್ನೊಂದು ಬೆರಳು ಒತ್ತು, ನಾಳೆ ಬಾ. 2017ರ ಜುಲೈನಲ್ಲಿ ಉತ್ತರ ಕನ್ನಡದ ಗೋಕರ್ಣದಲ್ಲಿ ಒಂದೇ ಮನೆಯ ಮೂವರು ದಲಿತ ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ಸತ್ತರು. ಆಧಾರ್ ಜೋಡಿಸದ್ದಕ್ಕೆ ತಿಂಗಳುಗಟ್ಟಲೆ ರೇಷನ್ ಸಿಕ್ಕಿರಲಿಲ್ಲ ಎಂದು ಪಿಯುಸಿಎಲ್‌ನವರು ಹೋಗಿ ವಿಚಾರಿಸಿ ಬರೆದರು. ಹಸಿವಿನಿಂದ ಸತ್ತಿಲ್ಲ, ಕುಡಿದು ಸತ್ತರು ಎಂದರು ಅಧಿಕಾರಿಗಳು. ಸತ್ತವನ ಚಟ ಹುಡುಕುವುದರಲ್ಲಿ ನಮ್ಮ ವ್ಯವಸ್ಥೆ ಬಹಳ ಚುರುಕು.

ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು ಒಂದು ವರದಿ ತಂದರು. ಸರಕಾರದ್ದೇ ನಾಲ್ಕು ಜಾಲತಾಣಗಳಲ್ಲಿ ಸುಮಾರು 13 ಕೋಟಿ ಜನರ ಆಧಾರ್ ಸಂಖ್ಯೆ ಬಯಲಿಗೆ ಬಿದ್ದಿದ್ದವು. ಯಾರ ಸಂಖ್ಯೆ? ಒಂದು ತಾಣ ಉದ್ಯೋಗ ಖಾತ್ರಿ ಕೂಲಿಯವರದು, ಇನ್ನೊಂದು ವೃದ್ಧಾಪ್ಯ, ವಿಧವಾ ವೇತನದವರದು. ಉಳಿದೆರಡು ಆಂಧ್ರದ ಕೂಲಿ ಪಾವತಿ ಮತ್ತು ವಿಮೆಯವು. ಶೇರು ಮಾರುಕಟ್ಟೆಯವರದಲ್ಲ. ನಮ್ಮ ಕೀಲಿ ನಮಗೇ ತಿಳಿಯದ ಹಾಗೆ ಸಂತೆಯಲ್ಲಿ ತೂಗುಬಿದ್ದಿತ್ತು.

ಹಾಜರಿಯೂ ಮರಳಿ ಬಂತು. 2023ರ ಜನವರಿಯಿಂದ ಉದ್ಯೋಗ ಖಾತ್ರಿ ಕೆಲಸದಲ್ಲಿ ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೋ ಹಾಜರಿ ಕಡ್ಡಾಯ ಮಾಡಿದರು. ನೆಟ್‌ವರ್ಕ್ ಇಲ್ಲದ ಗುಡ್ಡದಾಗ ದುಡಿದವರ ದಿನ ಲೆಕ್ಕಕ್ಕೆ ಬರಲಿಲ್ಲ. ಬಾಬಾಸಾಹೇಬರು 1956ರಲ್ಲಿ ದೀಕ್ಷೆ ಕೊಟ್ಟ ನಾಗಪುರದಲ್ಲೇ ಪೌರ ಕಾರ್ಮಿಕರ ಮುಂಗೈಗೆ ಅವರು ಎಲ್ಲಿ ನಡೆದರು ಎಲ್ಲಿ ನಿಂತರು ಎಂದು ಹೇಳುವ ಗಡಿಯಾರ ಕಟ್ಟಿದರು. ಕಮಿಷನರನ ಕೈಗೆ ಅದನ್ನು ಕಟ್ಟಿದ್ದು ನಾವು ಕೇಳಿಲ್ಲ. 2022ರಲ್ಲಿ ಹೊಸ ಗುರುತು ಕಾಯ್ದೆ ತಂದು, ಹಿಡಿದವರ ಬೆರಳು, ಅಂಗೈ, ಕಣ್ಣಿನ ಗುರುತುಗಳನ್ನು 75 ವರ್ಷ ಇಟ್ಟುಕೊಳ್ಳುವ ಅಧಿಕಾರ ಪಡೆದರು.

ಹಾಗಾದರೆ ನಮ್ಮನ್ನು ಯಾವ ದಫ್ತರದಲ್ಲೂ ಬರೆಯಬೇಡಿ ಎನ್ನೋಣವೇ? ಗೆಳೆಯರಲ್ಲಿ ಕೆಲವರು ಹಾಗೆ ವಾದಿಸುತ್ತಾರೆ. ನಾವು ಒಪ್ಪುವುದಿಲ್ಲ. ಎಣಿಕೆ ಇಲ್ಲದೆ ಮೀಸಲಾತಿ ಇಲ್ಲ, ಒಳಮೀಸಲಾತಿಯಂತೂ ಇಲ್ಲವೇ ಇಲ್ಲ. 2025ರ ಮೇ ತಿಂಗಳಲ್ಲಿ ನಾಗಮೋಹನದಾಸ್ ಆಯೋಗ ಪರಿಶಿಷ್ಟ ಜಾತಿಗಳ ಮನೆಮನೆ ಎಣಿಕೆ ಮಾಡಿದಾಗ ಹಳ್ಳಿಗಳಲ್ಲಿ ಜನ ಮುಂದೆ ಬಂದು ಬರೆಸಿದರು. ಬೆಂಗಳೂರಿನಲ್ಲಿ ಎಣಿಕೆ ಹಿಂದೆ ಬಿತ್ತು. ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು ಜಾತಿ ಕೇಳಿದರೆ, ಮೆಟ್ಟಿಲ ಮೇಲೆ ಮಾಲಕ ಕಿವಿ ಕೊಟ್ಟಿದ್ದರೆ, ಯಾರು ಬಾಯಿ ಬಿಡುತ್ತಾರೆ? ಖಾಸಗಿತನ ಇಲ್ಲದ್ದಕ್ಕೆ ನಮ್ಮ ಲೆಕ್ಕವೇ ತಪ್ಪುತ್ತದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಹೈಕೋರ್ಟು ಅದನ್ನು ನಿಲ್ಲಿಸಲಿಲ್ಲ. ಮಾಹಿತಿ ಗುಟ್ಟಾಗಿರಬೇಕು, ಕೊಡುವುದು ಜನರ ಇಚ್ಛೆ ಎಂದಿತು. ಸ್ಟಾರ್ಟೆಯ ಎರಡನೆಯ ದಫ್ತರ ನಮಗೆ ಬೇಕು. ಆದರೆ ಅದು ಮೊದಲನೆಯದರ ಪಕ್ಕದ ಕಪಾಟಿನಲ್ಲಿ, ಒಂದೇ ಕೀಲಿಯಡಿ ಇರಬಾರದು. ಕಂಪ್ಯೂಟರಿನಲ್ಲಿ ಕಪಾಟುಗಳ ನಡುವೆ ಗೋಡೆ ಕಟ್ಟಬೇಕಾದದ್ದು ಕಾನೂನು.

ಆ ಗೋಡೆ ಕಟ್ಟುತ್ತೇವೆಂದು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಂದರು. ಅದರಲ್ಲಿ ಕೇಂದ್ರ ಸರಕಾರ ತಾನು ಹೆಸರಿಸಿದ ತನ್ನ ಇಲಾಖೆಗಳನ್ನು ದೇಶದ ಭದ್ರತೆ, ಶಾಂತಿಪಾಲನೆಯ ಹೆಸರಲ್ಲಿ ಕಾಯ್ದೆಯಿಂದಲೇ ಹೊರಗಿಡಬಹುದು. ಅದೇ ಕಾಯ್ದೆ 2005ರ ಮಾಹಿತಿ ಹಕ್ಕನ್ನೂ ತಿದ್ದಿತು. ರಾಜಸ್ಥಾನದ ಕೂಲಿಕಾರರು 1990ರ ದಶಕದಲ್ಲಿ ಮಸ್ಟರ್ ರೋಲ್ ತೋರಿಸಿ ಎಂದು ಬೀದಿಗಿಳಿದು ಗಳಿಸಿಕೊಟ್ಟ ಹಕ್ಕು ಅದು. ಆಳುವವರ ದಫ್ತರವನ್ನು ನಾವು ತೆರೆದು ನೋಡುವ ಕೀಲಿ. ಈಗ 'ವೈಯಕ್ತಿಕ ಮಾಹಿತಿ' ಎಂಬ ಒಂದು ಮಾತು ಬರೆದರೆ ಅರ್ಜಿ ವಾಪಸ್ ಬರಬಹುದು. ಸಾರ್ವಜನಿಕ ಹಿತವಿದ್ದರೆ ಕೊಡಬಹುದೆಂಬ ಕಲಮು ಇನ್ನೂ ಇದೆ ಎಂದು ಸರಕಾರ ಸಮಾಧಾನ ಹೇಳುತ್ತದೆ. ಹುಕ್ಕೇರಿಯ ಕಚೇರಿಯ ಕಿಟಕಿಯಲ್ಲಿ ಆ ಕಲಮು ವಾದಿಸಿ ಗೆಲ್ಲಲು ಕೂಲಿಯವಳು ಎಷ್ಟು ದಿನದ ಪಗಾರ ಬಿಡಬೇಕು?

ಆದರೂ ಕೀಲಿ ಪೂರ್ತಿ ಕಳೆದಿಲ್ಲ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು ತಪ್ಪೆಂದು ಸಾರಿ, ಕೈದಿಗಳ ರಿಜಿಸ್ಟರಿನಲ್ಲಿರುವ ಜಾತಿಯ ಕಾಲಮನ್ನು ತೆಗೆದುಹಾಕಲು ಹೇಳಿತು. ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳೆಂದು ಕಾಣುವುದನ್ನೂ ಖಂಡಿಸಿತು. ಅದೇ ತಿಂಗಳ 28ರಂದು ಪುಟ್ಟಸ್ವಾಮಿಯವರು 98ರ ವಯಸ್ಸಿನಲ್ಲಿ ತೀರಿಕೊಂಡರು. ರಿಜಿಸ್ಟರಿನ ಕಾಲಮು ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ. ಅದು ಹೋಯಿತೋ ಉಳಿಯಿತೋ ಎಂದು ಕೇಳುವ ಅರ್ಜಿಗೆ ಹತ್ತು ರೂಪಾಯಿ ಸಾಕು. ನಮ್ಮ ಜಿಲ್ಲೆಯಲ್ಲಿ ಮೊದಲ ಅರ್ಜಿ ಹಿಂಡಲಗಾ ಜೈಲಿಗೆ ಹೋಗಲಿ, ಆಮೇಲೆ ಠಾಣೆಗೊಂದರಂತೆ.