ಜಾಕೆಟ್ಟಿನ ಬಕಲ್ಲು, ಅಜ್ಜನ ಮಿಣಿ



ಬರಹ ಸ್ವಲ್ಪ ಉದ್ದ ಆಗಿದೆ. ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ಭಾನುವಾರ ನಮ್ಮ ಆಲೂರು ಕಡೆಯ ಹುಡುಗನೊಬ್ಬ ಬಂದಿದ್ದ. ಬೆಂಗಳೂರಲ್ಲಿ ಕೆಲಸ, ಹೊಸದಾಗಿ ಬುಲೆಟ್ ತಗೊಂಡಿದಾನೆ. ಗೆಳೆಯ ಕೊಟ್ಟ ಹಳೇ ಲೆದರ್ ಜಾಕೆಟ್ ಹಾಕ್ಕೊಂಡು ಬಿಸಿಲೆ ಘಾಟಿ ಸುತ್ತಬೇಕು ಅಂತ ಆಸೆ. ಜಾಕೆಟ್ ಚೆನ್ನಾಗೇ ಇದೆ, ಆದರೆ ಸೊಂಟದ ಹತ್ರ ದೊಗಳೆ. ಗಾಡಿ ಓಡಿಸುವಾಗ ಗಾಳಿ ನುಗ್ಗಿ ಬುಗ್ಗೆ ಥರ ಊದ್ಕೊಳ್ಳುತ್ತೆ. "ಅಣ್ಣಾ, ಎರಡೂ ಪಕ್ಕ ಪಟ್ಟಿ ಹಾಕಿಸ್ಬೇಕು. ಬಕಲ್ ಹಾಕಿಸ್ಲಾ, ರಿಂಗ್ ಹಾಕಿಸ್ಲಾ, ನೀವೇ ಹೇಳಿ" ಅಂದ.

ನನ್ನನ್ನೇ ಕೇಳಿದ್ದು ಯಾಕಂದ್ರೆ ನಮ್ಮಜ್ಜ ಚರ್ಮದ ಕೆಲಸದವನು ಅಂತ ಅವನಿಗೆ ಗೊತ್ತು. ಅವನ ಅಜ್ಜನೂ ಅದೇ ಕೆಲಸದವರು. ಆ ಮಾತನ್ನ ಅವನು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆನ್‌ಲೈನಲ್ಲಿ ನಾಲ್ಕು ಥರದ ಸಾಮಾನು ತರಿಸಿದ್ದ. ಎಂಟುನೂರ ನಲವತ್ತು ರೂಪಾಯಿ, ತುಟಿಪಿಟಕ್ಕೆನ್ನದೆ ಕೊಟ್ಟಿದ್ದ. ಇಬ್ಬರೂ ಸಕಲೇಶಪುರಕ್ಕೆ ಹೋಗಿ, ರಸ್ತೆಬದಿ ಕೂತಿದ್ದ ಒಬ್ಬ ಯಜಮಾನರ ಮುಂದೆ ಜಾಕೆಟ್ ಹರವಿದೆವು. ಅವರು ತಿರುಗಿಸಿ ಮುರುಗಿಸಿ ನೋಡಿ, "ಎರಡು ಪಟ್ಟಿ ಕುಯ್ದು, ಹೊಲಿದು, ತೂತು ಹೊಡೆದು ಕೊಡೋದಕ್ಕೆ ಮುನ್ನೂರಾಗ್ತದೆ ಕಣಪ್ಪ" ಅಂದ್ರು.

ನಮ್ಮ ಹುಡುಗ ಏನಂದ ಗೊತ್ತಾ? "ನೂರೈವತ್ತಕ್ಕೆ ಮಾಡಿ ಯಜಮಾನ್ರೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ."

ಆ ಮಾತಿಗೇ ಈ ಬರಹ.

ಮೊದಲು ಸಾಮಾನಿನ ವಿಷಯ ಹೇಳಿಬಿಡ್ತೀನಿ. ಒಂದನೇದು ಎಲ್ಲರ ಸೊಂಟದಲ್ಲಿರೋ ಮುಳ್ಳಿನ ಬಕಲ್ಲು. ಮುಳ್ಳು ತೂತಿಗೆ ಕೂತಮೇಲೆ ಪಟ್ಟಿ ಜಾರಲ್ಲ. ಆದರೆ ತೂತು ಇದ್ದ ಕಡೆ ಮಾತ್ರ ನಿಲ್ಲುತ್ತೆ, ಎರಡು ತೂತಿನ ನಡುವಿನ ಅಳತೆ ಸಿಗಲ್ಲ. ಇದರಲ್ಲೇ ಚೌಕಟ್ಟಿನ ಮೇಲೆ ಉರುಳೋ ಕೊಳವೆ ಇರೋದು ಒಂದು ಬರುತ್ತೆ. ಎಳೆದಾಗ ಚರ್ಮ ಉಜ್ಜಿ ಸವೆಯಲ್ಲ. ಎರಡನೇದು ಜೋಡಿ ಡಿ ರಿಂಗ್. ಕೆಲವು ಹೆಲ್ಮೆಟ್‌ಗಳಲ್ಲಿ ಗದ್ದದ ಕೆಳಗೆ ಎರಡು ಬಳೆ ಇರ್ತವಲ್ಲ, ಅದೇ. ಎಲ್ಲಿ ಎಳೆದರೆ ಅಲ್ಲೇ ಕಚ್ಚಿಕೊಳ್ಳುತ್ತೆ. ಆದರೆ ಪಟ್ಟಿ ತೆಳ್ಳಗೆ ಮೆತ್ತಗೆ ಇರಬೇಕು, ಉಳಿದ ತುದಿ ಗಾಳಿಗೆ ಪಟಪಟ ಹೊಡ್ಕೊಳ್ಳುತ್ತೆ. ಮೂರನೇದು ಟಿಚ್ ಬಟನ್. ನೋಡೋಕೆ ಚೆಂದ, ಜೋರಾಗಿ ಎಳೆದರೆ ಬಿಚ್ಕೊಳ್ಳುತ್ತೆ. ನಾಲ್ಕನೇದು ಸಾಲಾಗಿ ಲೋಹದ ಕಣ್ಣು ಕೂರಿಸಿ ಬಾರು ಪೋಣಿಸೋದು. ಬಿಗಿ ಒಂದೇ ಕಡೆ ಬೀಳದೆ ಪಕ್ಕೆಯುದ್ದಕ್ಕೂ ಹಂಚಿಹೋಗುತ್ತೆ. ಆದರೆ ಪ್ರತಿ ಸಲ ಬಿಚ್ಚಿ ಕಟ್ಟೋ ತಾಳ್ಮೆ ಬೇಕು.

ಯಜಮಾನರು ಒಂದೊಂದನ್ನೂ ಅಂಗೈಲಿಟ್ಟು ತೂಗಿದರು. ಒಂದು ಬಕಲ್ಲನ್ನ ಪಕ್ಕಕ್ಕೆ ಎಸೆದು, "ಇದು ಕಬ್ಬಿಣಕ್ಕೆ ಬಣ್ಣ ಹೊಡ್ದಿರೋದು. ನಾನು ಹಾಕೋ ಪಟ್ಟಿ ಚಕ್ಕೆ ಹದದ್ದು. ನಮ್ಮ ಮಳೇಲಿ ಒಂದು ಸಲ ನೆಂದರೆ ಸಾಕು, ಚರ್ಮ ಕಪ್ಪಿಡೀತದೆ" ಅಂದ್ರು.

ಈ ಒಂದು ಮಾತಿನ ಹಿಂದೆ ಎಷ್ಟು ರಸಾಯನಶಾಸ್ತ್ರ ಇದೆ ನೋಡಿ. ತಂಗಡಿ ಚಕ್ಕೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮದಲ್ಲಿ ಒಗರು ಉಳಿದಿರುತ್ತೆ. ಅದಕ್ಕೆ ನೀರು, ಕಬ್ಬಿಣ ಸೇರಿದರೆ ಕಡುಕಪ್ಪು. ಅಳಲೆಕಾಯಿಗೆ ಕಬ್ಬಿಣ ಕೂಡಿಸಿ ಬರೆಯೋ ಮಸಿ ಮಾಡ್ತಿದ್ದದ್ದೂ ಇದೇ ಗುಣದಿಂದ. ಆ ಮಸಿಯಲ್ಲಿ ಬರೆದವರು ಪಂಡಿತರಾದರು. ಅದೇ ಒಗರನ್ನ ಚರ್ಮಕ್ಕೆ ಕುಡಿಸಿದವರು ಹೊಲಸಿನವರಾದರು.

ಹಿತ್ತಾಳೆಗೆ ಕಿಲುಬು ಹಿಡಿಯುತ್ತೆ, ಆದರೆ ಒರೆಸಿದರೆ ಹೋಗುತ್ತೆ. ಕೊಳ್ಳುವಾಗ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಕಬ್ಬಿಣ. ಹಿತ್ತಾಳೆ ಅಂಟಲ್ಲ, ಸತುವಿನ ಮಿಶ್ರಲೋಹವೂ ಅಂಟಲ್ಲ. ಆದರೆ ಕೈಲಿ ಹಿಡಿದಾಗ ಹಿತ್ತಾಳೆ ಭಾರ, ಇನ್ನೊಂದು ಹಗುರ, ಬೇಗ ಮುರಿಯುತ್ತೆ.

ಈಗ ಚರಿತ್ರೆಗೆ ಬರ್ತೀನಿ. ಚರ್ಮವನ್ನ ಬಿಗಿ ಮಾಡೋಕೆ, ಸಡಿಲ ಮಾಡೋಕೆ ನಮ್ಮ ಹಿರಿಯರಿಗೆ ಲೋಹವೇ ಬೇಕಿರಲಿಲ್ಲ. ನೊಗಕ್ಕೂ ನೇಗಿಲಿಗೂ ಕಟ್ಟೋ ಮಿಣಿ ಪೂರ್ತಿ ಚರ್ಮ. ನಮ್ಮಜ್ಜ ಹಸಿ ಚರ್ಮವನ್ನ ಸುರುಳಿ ಸುರುಳಿಯಾಗಿ ಒಂದೇ ಎಳೆಯಲ್ಲಿ ಕುಯ್ದು ಹೊಸೀತಿದ್ದ, ಎಲ್ಲೂ ಕೀಲು ಇಲ್ಲ, ಕೊಂಡಿ ಇಲ್ಲ. ಬಯಲುಸೀಮೆಯ ಕಪಿಲೆ ಬಾವಿಯಲ್ಲಿ ಎತ್ತು ಎಳೀತಿದ್ದ ನೀರಿನ ಚೀಲವೂ ಚರ್ಮವೇ. ಇನ್ನು ತಮಟೆ. ಮಳೆಗಾಲದಲ್ಲಿ ಸಡಿಲ ಆದರೆ ಏನು ಮಾಡ್ತೀವಿ? ಹುಲ್ಲಿಗೆ ಬೆಂಕಿ ಹಾಕಿ ಹಿಡಿದು ಕಾಯಿಸ್ತೀವಿ, ಬಿಗಿ ಆಗುತ್ತೆ. ಬಕಲ್ಲು ಬೇಡ, ಸ್ಕ್ರೂ ಬೇಡ. ಈ ಕೆಲಸಕ್ಕೆಲ್ಲ ಕೂಲಿ ಅಂತ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಮೂಲೇಲಿ ನಿಂತ್ಕೊಂಡು ಇಸ್ಕೋಬೇಕಾದ ಆಯ, ಅಷ್ಟೇ.

ಈ ಜಾಕೆಟ್ಟಿನ ಪಟ್ಟಿ ಬಕಲ್ಲಿನ ವಂಶ ಬೇರೆ. ಅದು ಕುದುರೆ ಮತ್ತು ಸೈನ್ಯದ ಜೊತೆ ಬೆಳೆದದ್ದು. ಕುದುರೆಯ ಹೊಟ್ಟೆಗೆ ಜೀನು ಬಿಗಿಯೋ ಪಟ್ಟಿ ಸವಾರಿ ನಡುವೆ ಸಡಿಲಾಗಬಾರದು, ಸಡಿಲಾದರೆ ಸವಾರ ಕೆಳಗೆ. 1858ರಲ್ಲಿ ಉತ್ತರ ಭಾರತದ ಕಾಳಗದಲ್ಲಿ ಸ್ಯಾಮ್ ಬ್ರೌನ್ ಅನ್ನೋ ಬ್ರಿಟಿಷ್ ಅಧಿಕಾರಿ ಎಡಗೈ ಕಳಕೊಂಡ. ಉಳಿದ ಒಂದೇ ಕೈಲಿ ಕತ್ತಿ ಹಿರಿಯೋಕೆ ಅನುಕೂಲ ಆಗಲಿ ಅಂತ ಸೊಂಟದ ಬೆಲ್ಟಿಗೆ ಹೆಗಲ ಮೇಲಿಂದ ಇನ್ನೊಂದು ಪಟ್ಟಿ, ಹಿತ್ತಾಳೆ ಬಕಲ್ಲು, ಡಿ ರಿಂಗ್ ಜೋಡಿಸಿಕೊಂಡ. ಪೊಲೀಸ್, ಮಿಲಿಟರಿ ಅಧಿಕಾರಿಗಳ ಎದೆ ಮೇಲೆ ಓರೆಯಾಗಿ ಕಾಣೋ ಬೆಲ್ಟಿಗೆ ಇವತ್ತಿಗೂ ಅವನದೇ ಹೆಸರು. 1860ರ ದಶಕದಲ್ಲಿ ಕಾನ್ಪುರದಲ್ಲಿ ಸರ್ಕಾರವೇ ಸೈನ್ಯಕ್ಕಾಗಿ ಜೀನು, ಲಗಾಮು, ಪಟ್ಟಿ ಮಾಡೋ ಕಾರ್ಖಾನೆ ತೆರೆಯಿತು. ಅಲ್ಲಿ ಚರ್ಮ ಮುಟ್ಟಿದ ಕೈ ಬಹುಪಾಲು ಚಮ್ಮಾರರದು. ಬೆಲ್ಟಿಗೆ ಬ್ರೌನ್ ಹೆಸರು ಉಳೀತು. ಹೊಲಿದವರಲ್ಲಿ ಒಬ್ಬರ ಹೆಸರಾದರೂ ನಿಮಗೆ ಗೊತ್ತಾ?

ನಮ್ಮ ಬೆಟ್ಟಗಳಿಗೂ ಆ ಕುದುರೆ ಬಂತು. 1840ರ ದಶಕದಿಂದ ಮಂಜರಾಬಾದ್ ಸೀಮೆಗೆ ಬಿಳಿಯರು ಕಾಫಿ ಹಾಕೋಕೆ ಬಂದರು. ಅವರಲ್ಲಿ ಎಲಿಯಟ್ ಅನ್ನೋ ಪ್ಲಾಂಟರ್ 1871ರಲ್ಲಿ ತನ್ನ ಅನುಭವ ಪುಸ್ತಕ ಮಾಡಿದ. ದೊರೆಗಳು ಕುದುರೆ ಮೇಲೆ ತೋಟ ಸುತ್ತೋರು. ಹರಿದ ಜೀನಿನ ಪಟ್ಟಿ ಹೊಲಿಯೋಕೆ ಕರೆ ಬಂದರೆ ಬಂಗಲೆ ಹಿಂಬಾಗಿಲಲ್ಲಿ ಕೂತು ಹೊಲಿದು ಬರಬೇಕಿತ್ತು ಅಂತ ನಮ್ಮಜ್ಜ ತನ್ನ ಅಪ್ಪನ ಬಾಯಲ್ಲಿ ಕೇಳಿದ್ದನ್ನ ಹೇಳ್ತಿದ್ದ. ಬಕಲ್ಲು ನಮ್ಮ ಮನೆ ಕಂಡದ್ದು ಹಾಗೆ. ರಿಪೇರಿಗೆ ಬಂದ ಇನ್ನೊಬ್ಬರ ಆಸ್ತಿ ಅದು.

20ನೇ ಶತಮಾನದ ಮೊದಲ ದಶಕದಲ್ಲಿ ಮದ್ರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಕ್ರೋಮ್ ಹದದ ಪ್ರಯೋಗ ಶುರು ಮಾಡಿದ. ಕಪಿಲೆ ಬಾವಿಯ ಚರ್ಮದ ಚೀಲ ನೀರಲ್ಲಿ ಹೆಚ್ಚು ಕಾಲ ಬಾಳಬೇಕು ಅನ್ನೋದೂ ಅವನ ಲೆಕ್ಕದಲ್ಲಿತ್ತು. 1912ರಲ್ಲಿ ಅವನೇ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾಗಿ ಬಂದ. ಚಕ್ಕೆ ಹದಕ್ಕೆ ವಾರಗಟ್ಟಲೆ ಬೇಕಿತ್ತು, ಕ್ರೋಮಿಗೆ ಕೆಲವೇ ದಿನ. ಮೆತ್ತಗಿನ ಜಾಕೆಟ್ ಚರ್ಮ ಇವತ್ತು ಹೆಚ್ಚಾಗಿ ಕ್ರೋಮಿನದೇ. ಹದ ಬದಲಾಯಿತು, ದುಡ್ಡು ಟ್ಯಾನರಿ ಮಾಲೀಕರ ಪಾಲಾಯಿತು. ಸತ್ತ ದನ ಹೊರೋ ಹೆಗಲು ಮಾತ್ರ ಬದಲಾಗಲಿಲ್ಲ.

1928ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಶಾಟ್ ಮೋಟಾರ್ ಸೈಕಲ್ ಸವಾರರಿಗೆ ಜಿಪ್ ಇರೋ ಲೆದರ್ ಜಾಕೆಟ್ ಹೊಲಿದ. 1953ರಲ್ಲಿ ಮರ್ಲಾನ್ ಬ್ರಾಂಡೊ ಅಂಥದ್ದೇ ಜಾಕೆಟ್ ಹಾಕ್ಕೊಂಡು ಸಿನಿಮಾದಲ್ಲಿ ಬಂದ ಮೇಲೆ ಅದು ಪುಂಡರ, ಯಾರಿಗೂ ಬಗ್ಗದವರ ಬಟ್ಟೆ ಅನ್ನಿಸ್ಕೊಳ್ತು. ಅಂದರೆ ಸತ್ತ ದನದ ಚರ್ಮ ಮೈಮೇಲೆ ಹಾಕ್ಕೊಂಡರೆ ಅಲ್ಲಿ ಗತ್ತು. ಇಲ್ಲಿ ಅದೇ ಚರ್ಮ ಸುಲಿದದ್ದಕ್ಕೆ 2016ರಲ್ಲಿ ಗುಜರಾತಿನ ಊನಾದಲ್ಲಿ ನಮ್ಮ ಹುಡುಗರನ್ನ ಕಾರಿಗೆ ಕಟ್ಟಿ ಹೊಡೆದರು.

ನಮ್ಮ ಜಿಲ್ಲೆಯದೇ ಒಂದು ಚರಿತ್ರೆ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. 1873ರಲ್ಲಿ ಕ್ಯಾಪ್ಟನ್ ಮೆಕೆಂಜಿ ಅನ್ನೋ ಅಧಿಕಾರಿ ಹಾಸನದ ಹೊಲಗೇರಿಗಳ ಬಗ್ಗೆ ಬರೆದಿದ್ದ. ಬ್ರಾಹ್ಮಣ ಹೊಲಗೇರಿಯೊಳಗೆ ಕಾಲಿಟ್ಟರೆ ಕೇರಿಗೆ ಕೇಡು ಅಂತ ಹೊಲೆಯರು ಗುಂಪಾಗಿ ಬಂದು ಚಪ್ಪಲಿಯಲ್ಲಿ ಹೊಡೀತಿದ್ದರು ಅಂತ. ಬಾಬಾಸಾಹೇಬರು 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಇದನ್ನ ಎತ್ತಿ ತೋರಿಸಿದ್ದಾರೆ. ಅಸ್ಪೃಶ್ಯತೆಯನ್ನ ನಾವು ತಲೆಬಗ್ಗಿಸಿ ಒಪ್ಪಿಕೊಂಡವರಲ್ಲ, ನಮ್ಮ ಕಡೆಯಿಂದಲೂ ಒಂದು ಗೆರೆ ಇತ್ತು ಅನ್ನೋದಕ್ಕೆ ಅದು ಸಾಕ್ಷಿ. ಆ ಗೆರೆ ಕಾಯೋಕೆ ಕೈಗೆ ಸಿಕ್ಕಿದ್ದೂ ಚರ್ಮವೇ.

1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳ ಜೊತೆ ಮಾತಾಡಿದ್ದೂ ನೆನಪಿರಲಿ. ಸೀರೆ ಉಡೋ ರೀತಿ, ಮೈಮೇಲಿನ ಒಡವೆ ಇವೇ ನಿಮ್ಮ ಜಾತಿಯ ಗುರುತಾಗಿವೆ, ಅವನ್ನ ಬಿಡಿ ಅಂದಿದ್ದರು. ಬಟ್ಟೆ ಮೈಗೆ ಹೇಗೆ ಕೂರಬೇಕು, ಯಾವ ಲೋಹ ಮೈಮೇಲಿರಬೇಕು ಅಂತ ತೀರ್ಮಾನ ಮಾಡೋ ಅಧಿಕಾರ ಯಾರದು? ಬಾಬಾಸಾಹೇಬರ ಪ್ರಶ್ನೆ ಅದಾಗಿತ್ತು. ನಮ್ಮ ಹುಡುಗ ಜಾಕೆಟ್ ಹಾಕಿ ಬುಲೆಟ್ ಓಡಿಸೋದು ಅದಕ್ಕೇ ನನಗೆ ಖುಷಿ. ಓಡಿಸ್ಲಿ, ಊರ ನಡುಬೀದೀಲೇ ಓಡಿಸ್ಲಿ.

ಆದರೆ ಆ "ಅಡ್ಜಸ್ಟ್ ಮಾಡ್ಕೊಳಿ"? ಆ ಮಾತು ನಾವು ಹುಟ್ಟಿದಾಗಿಂದ ಕೇಳಿದ್ದು. ಆಯ ಕಮ್ಮಿ ಆಯ್ತಾ, ಅಡ್ಜಸ್ಟ್ ಮಾಡ್ಕೊ. ಲೈನ್ ಮನೆ ಸೋರ್ತದಾ, ಅಡ್ಜಸ್ಟ್ ಮಾಡ್ಕೊ. ಹೋಟೆಲಲ್ಲಿ ಲೋಟ ಬೇರೆ ಇಟ್ಟವ್ರಾ, ಅಡ್ಜಸ್ಟ್ ಮಾಡ್ಕೊ. ಎಲ್ಲಿಂದಲೋ ಬಂದ ಬಕಲ್ಲಿಗೆ ಹೇಳಿದ ಬೆಲೆ ಕೊಟ್ಟು, ಕಣ್ಣೆದುರಿನ ಕೈಗೆ ಅರ್ಧ ಮಾಡು ಅನ್ನೋದು ಅದೇ ಹಳೇ ಕಣದ ಲೆಕ್ಕ. ಈ ಸಲ ಅದು ನಮ್ಮವನ ಬಾಯಲ್ಲೇ ಬಂತು.

ಅಲ್ಲೇ ಹೇಳಿದೆ, ಮೆತ್ತಗೆ. ಹುಡುಗ ತಲೆ ಕೆರ್ಕೊಂಡು ಸುಮ್ಮನಾದ.

ಯಜಮಾನರು ಆರಿಸಿದ್ದು ಕೊಳವೆ ಇರೋ ಹಿತ್ತಾಳೆ ಬಕಲ್ಲು. ಪಟ್ಟಿ ಒಂದಿಂಚು, ಬಕಲ್ಲಿನ ಒಳ ಅಗಲವೂ ಒಂದಿಂಚು. ಅಳತೆ ತಗೊಳ್ಳೋ ಮುಂಚೆ, "ಗಾಡಿ ಮೇಲೆ ಕೂತು ಹ್ಯಾಂಡಲ್ ಹಿಡ್ಕೊ. ನಿಂತಾಗ ಸರಿ ಇದ್ದದ್ದು ಬಗ್ಗಿದಾಗ ಹೊಟ್ಟೆ ಹಿಡೀತದೆ" ಅಂದ್ರು. ಅವನು ಕೂತ. ಬಕಲ್ಲು ಟ್ಯಾಂಕಿಗೆ ಗೀರದ ಹಾಗೆ ಹಿಂದಕ್ಕೆ ಸರಿಸಿ ಗುರುತು ಹಾಕಿದರು. ಅರ್ಧ ಇಂಚಿಗೊಂದರಂತೆ ಐದು ತೂತು, ಅವನಿಗೆ ಸರಿಹೋಗೋದು ನಡುವಿನದು. ಮಳೆಗಾಲಕ್ಕೆ ಒಳಗೆ ಸ್ವೆಟರ್ ಹಾಕಿದರೆ ಸಡಿಲ ಮಾಡೋಕೆ ಎರಡು, ಬೇಸಿಗೆಯಲ್ಲಿ ಬಿಗಿ ಮಾಡೋಕೆ ಎರಡು. ರಂಪಿಗೆ ಹಿಡಿದು ಪಟ್ಟಿ ಕುಯ್ದದ್ದು ಎರಡೇ ಎಳೆತ, ಅಂಚು ಒಂದು ಕೂದಲಷ್ಟೂ ಆಚೀಚೆ ಇಲ್ಲ.

ಹುಡುಗ ನೋಡ್ತಾ ನಿಂತಿದ್ದ. ಆಮೇಲೆ ತಾನಾಗೇ, "ಯಜಮಾನ್ರೇ, ನಮ್ಮ ತಾತನೂ ಮಿಣಿ ಹೊಸೀತಿದ್ರು" ಅಂದ.

ಅವರು ತಲೆ ಎತ್ತಿ, "ಯಾವೂರಪ್ಪ?" ಅಂದ್ರು. ಅರ್ಧ ಗಂಟೆ ಊರು, ಕೇರಿ, ನೆಂಟಸ್ತನದ ಮಾತೇ ಆಯ್ತು. ಮುನ್ನೂರು ಕೊಟ್ಟು ಬಂದೆವು.

ಬಂಧುಗಳೇ, 1976ರಿಂದ ನಮ್ಮ ರಾಜ್ಯದಲ್ಲಿ ಲಿಡ್ಕರ್ ನಿಗಮ ಇದೆ. 2023ರಲ್ಲಿ ನಮ್ಮ ಅರಸೀಕೆರೆ ಕಡೆಯ ನಟ ಡಾಲಿ ಧನಂಜಯ ಅದರ ರಾಯಭಾರಿ ಆದರು. ಒಳ್ಳೇದೇ. ಆದರೆ ರಸ್ತೆಬದಿ ಕೂತವರ ಕೂಲಿ ಏರೋದು ನಮ್ಮ ನಿಮ್ಮ ಜೇಬಿನಿಂದ. ಚಪ್ಪಲಿ, ಬೆಲ್ಟು, ಜಾಕೆಟ್ ಏನೇ ಹೊಲಿಸಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಮನೇಲಿ ಹಿರಿಯರಿದ್ದರೆ ಅವರ ಉಳಿ, ದಬ್ಬಳ, ಹದದ ಹೆಸರುಗಳನ್ನ ಕೇಳಿ ಬರ್ಕೊಳ್ಳಿ. ನಮ್ಮಜ್ಜನ ಹತ್ರ ನಾನು ಅರ್ಧವೂ ಕೇಳಲಿಲ್ಲ.

ಜೈ ಭೀಮ್.