ಉಡುಪಿ ಸೀಮೆಯ ಗ್ರಾಮೀಣ ಮಾರುಕಟ್ಟೆ: ನಕ್ಷೆಯನ್ನು ಬರೆದವರು ಯಾರು?

ಮಾರುಕಟ್ಟೆಯ ಚರಿತ್ರೆಯನ್ನು ಬರೆಯಹೊರಡುವವರಿಗೆ ಸಾಮಾನ್ಯವಾಗಿ ದೊರೆಯುವ ಸಾಮಗ್ರಿ ಎರಡು ಬಗೆಯದು. ಒಂದು, ಆಳುವವರ ಸುಂಕ ಕಂದಾಯಗಳ ಲೆಕ್ಕ; ಇನ್ನೊಂದು, ವರ್ತಕರ ಖಾತೆ ಕಿರ್ದಿಗಳು. ಇವುಗಳಲ್ಲಿ ಸರಕು ಕಾಣುತ್ತದೆ, ಧಾರಣೆ ಕಾಣುತ್ತದೆ. ಆದರೆ ಸರಕನ್ನು ಬೆಳೆದವರೂ ನೇಯ್ದವರೂ ತಲೆಯ ಮೇಲೆ ಹೊತ್ತು ತಂದವರೂ ಕಾಣುವುದು ವಿರಳ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳನ್ನೊಳಗೊಂಡ ಪ್ರದೇಶದಲ್ಲಿ ಮಾರುಕಟ್ಟೆಯನ್ನು ಅರಿಯಲು ನಡೆದ ಪ್ರಯತ್ನಗಳು ಯಾರಿಂದ, ಯಾರಿಗಾಗಿ ನಡೆದುವು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಗ್ರಾಮೀಣ ಅಭಿವೃದ್ಧಿಯ ಕ್ಷೇತ್ರದಲ್ಲಿ ಈಗ ‘ಸಹಭಾಗಿ ಮಾರುಕಟ್ಟೆ ನಕ್ಷೆ’ ಎಂಬ ವಿಧಾನವೊಂದು ಬಳಕೆಯಲ್ಲಿದೆ. ಬೆಳೆಗಾರ, ದಲ್ಲಾಳಿ, ವರ್ತಕ, ಸಾಲ ಕೊಡುವವನು, ಅಧಿಕಾರಿ ಇವರೆಲ್ಲರೂ ಒಂದೆಡೆ ಕುಳಿತು, ಸರಕು ಹೊಲದಿಂದ ಗಿರಾಕಿಯ ಮನೆಯವರೆಗೆ ಸಾಗುವ ದಾರಿಯನ್ನು ಬರೆಯುತ್ತಾರೆ. ಆ ದಾರಿಗೆ ನೆರವಾಗುವ ಸೇವೆಗಳನ್ನೂ ಅದನ್ನು ಕಟ್ಟಿಹಾಕುವ ನಿಯಮಗಳನ್ನೂ ಅದರಲ್ಲಿ ಗುರುತಿಸುತ್ತಾರೆ. ೧೯೬೬ರಲ್ಲಿ ಅರ್ಥಶಾಸ್ತ್ರಜ್ಞ ಶೂಮಾಕರ್ ಇಂಗ್ಲೆಂಡಿನಲ್ಲಿ ಸ್ಥಾಪಿಸಿದ ಸಂಸ್ಥೆಯು ಮುಂದೆ ಈ ವಿಧಾನವನ್ನು ರೂಪಿಸಿ ಪ್ರಚುರಪಡಿಸಿತು. ಹಳ್ಳಿಗರೇ ನೆಲದ ಮೇಲೆ ತಮ್ಮ ಊರಿನ ನಕ್ಷೆಯನ್ನು ಬರೆಯುವ ಸಹಭಾಗಿ ಸಮೀಕ್ಷೆಯನ್ನು ೧೯೮೦ರ ದಶಕದ ಕೊನೆಯ ವೇಳೆಗೆ ಮೈರಾಡದಂತಹ ಸಂಸ್ಥೆಗಳು ಕರ್ನಾಟಕದಲ್ಲಿ ನಡೆಸಿದ್ದುವು. ವಿಧಾನವು ಹೊಸದಾದರೂ ಅದು ಎತ್ತುವ ಪ್ರಶ್ನೆ ಹಳೆಯದು.

ಈ ಸೀಮೆಯ ಭೂರಚನೆಯನ್ನು ಮೊದಲು ನೆನೆಯುವುದು ಉಚಿತ. ಪಡುವಣಕ್ಕೆ ಕಡಲು, ಅದರ ದಂಡೆಯಲ್ಲಿ ಮಲ್ಪೆ, ಕಾಪು. ಸ್ವಲ್ಪ ಒಳಗೆ ಕೃಷ್ಣಮಠವನ್ನು ಆಶ್ರಯಿಸಿ ಬೆಳೆದ ಉಡುಪಿ ಪೇಟೆ. ಅದರ ಮೂಡಣಕ್ಕೆ ಮಣಿಪಾಲದ ಮುರಕಲ್ಲಿನ ಗುಡ್ಡ. ಇನ್ನೂ ಆಚೆಗೆ, ಘಟ್ಟದ ಅಡಿಯಲ್ಲಿ, ೧೪೩೨ರಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಅರಸುಮನೆತನದ ಕಾರ್ಕಳ. ಕಡಲ ಸರಕು ಮೇಲಕ್ಕೂ ಘಟ್ಟದ ಸರಕು ಕೆಳಕ್ಕೂ ಹೋಗುವ ದಾರಿಯಲ್ಲಿ ಈ ಊರುಗಳಿದ್ದುವು.

ಈ ದಾರಿಯನ್ನು ಆಧುನಿಕ ರೀತಿಯಲ್ಲಿ ಬರೆದಿಟ್ಟವರಲ್ಲಿ ಮೊದಲಿಗರ ಸಾಲಿಗೆ ಸೇರುವವನು ಫ್ರಾನ್ಸಿಸ್ ಬುಕಾನನ್. ೧೭೯೯ರಲ್ಲಿ ಕೆನರಾ ಪ್ರಾಂತವು ಕಂಪನಿಯ ವಶವಾದ ಮೇಲೆ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಸಂಚರಿಸಿದ ಈತನು ೧೮೦೧ರಲ್ಲಿ ಕಾರ್ಕಳ, ಉಡುಪಿಗಳ ಮಾರ್ಗವಾಗಿ ಉತ್ತರಕ್ಕೆ ಸಾಗಿದನು. ೧೮೦೭ರಲ್ಲಿ ಪ್ರಕಟವಾದ ಆತನ ಪ್ರವಾಸಗ್ರಂಥದಲ್ಲಿ ಬೆಳೆ, ಗೇಣಿ, ಜಾತಿ, ವ್ಯಾಪಾರಗಳ ವಿವರ ಸಮೃದ್ಧವಾಗಿದೆ. ಚರಿತ್ರಕಾರನಿಗೆ ಅದು ಅಮೂಲ್ಯವಾದ ಆಕರ. ಆದರೆ ಪ್ರಶ್ನೆಗಳು ಆತನವು. ಉತ್ತರಗಳ ಪ್ರಯೋಜನ ಕಂಪನಿಯದು. ತಾನು ಹೇಳಿದ ಲೆಕ್ಕವೇ ನಾಳೆ ಕಂದಾಯವಾಗಿ ತನ್ನ ಮೇಲೆ ತಿರುಗಬಹುದೆಂದು ಶಂಕಿಸಿದ ರೈತನು ಮನಬಿಚ್ಚಿ ಮಾತನಾಡುವನೆಂದು ನಿರೀಕ್ಷಿಸಲಾಗದು. ಆದುದರಿಂದ ಇದನ್ನು ಆಳುವವರ ನಕ್ಷೆಯೆಂದು ಕರೆಯುವುದು ಯುಕ್ತ.

ಎರಡನೆಯ ನಕ್ಷೆ ಕಾಗದದ ಮೇಲೆ ಬರೆದುದಲ್ಲ, ಕಾಲ್ನಡಿಗೆಯಿಂದ ಮೂಡಿದುದು. ೧೯೦೬ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಉಡುಪಿಯಲ್ಲಿ ಬ್ಯಾಂಕೊಂದು ಹುಟ್ಟಿತು. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ೧೯೨೫ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾ. ಟಿ. ಎಂ. ಎ. ಪೈ ಇವರು ಅಲ್ಲಿಯೇ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ೮,೦೦೦ ರೂಪಾಯಿಗಳ ಬಂಡವಾಳದಿಂದ ಆರಂಭಿಸಿದರು. ಕೈಮಗ್ಗದ ಉದ್ಯೋಗವು ಬಿಕ್ಕಟ್ಟಿಗೆ ಸಿಲುಕಿದ್ದ ಆ ಕಾಲದಲ್ಲಿ ಸ್ಥಳೀಯ ನೇಕಾರರಿಗೆ ಹಣದ ನೆರವು ಒದಗಿಸುವುದು ಅದರ ಮುಖ್ಯ ಆಶಯಗಳಲ್ಲಿ ಒಂದಾಗಿದ್ದಿತು. ೧೯೨೮ರಲ್ಲಿ ಅದು ‘ಪಿಗ್ಮಿ’ ಠೇವಣಿಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನು ಬ್ಯಾಂಕಿನ ಏಜಂಟನು ಮನೆಯ ಬಾಗಿಲಿಗೇ ಬಂದು ಸಂಗ್ರಹಿಸುತ್ತಿದ್ದನು.

ಈ ಎರಡಾಣೆಯ ಮಹತ್ವ ಕೇವಲ ಉಳಿತಾಯದಲ್ಲಿಲ್ಲ. ದಿನವೂ ಅದೇ ಓಣಿಯಲ್ಲಿ ನಡೆಯುವ ಏಜಂಟನಿಗೆ ಯಾವ ಮನೆಯಲ್ಲಿ ಯಾವ ವಾರ ಹಣ ಬರುತ್ತದೆ, ಯಾವ ತಿಂಗಳು ಬತ್ತುತ್ತದೆ, ಯಾವ ಅಂಗಡಿಯ ವ್ಯಾಪಾರ ಇಳಿಮುಖವಾಗಿದೆ ಎಂಬುದು ತಿಳಿಯುತ್ತಿದ್ದಿತು. ಅಡವಿಡಲು ಏನೂ ಇಲ್ಲದವನ ಪ್ರಾಮಾಣಿಕತೆಗೆ ಅವನ ಪಿಗ್ಮಿ ಪುಸ್ತಕವೇ ಸಾಕ್ಷಿಯಾಗಬಲ್ಲುದಾಗಿದ್ದಿತು. ಆದರೂ ಈ ನಕ್ಷೆಯನ್ನು ಕಾಲಿನಿಂದ ಬರೆದವರ ಸ್ಥಾನವೇ ಬಹುಕಾಲ ಅನಿಶ್ಚಿತವಾಗಿ ಉಳಿಯಿತು. ಕಮಿಷನಿಗೆ ದುಡಿಯುವ ಠೇವಣಿ ಸಂಗ್ರಾಹಕರೂ ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕರೇ ಎಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದುದು ೨೦೦೧ರಲ್ಲಿ; ಎಂದರೆ ಯೋಜನೆ ಆರಂಭವಾಗಿ ೭೩ ವರ್ಷಗಳ ತರುವಾಯ.

೧೯೬೯ರ ಜುಲೈ ೧೯ರಂದು ಸಿಂಡಿಕೇಟ್ ಬ್ಯಾಂಕೂ ಸೇರಿ ೧೪ ಬ್ಯಾಂಕುಗಳು ರಾಷ್ಟ್ರೀಕರಣಗೊಂಡುವು. ಅದೇ ವರ್ಷದ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಅಗ್ರಣಿ ಬ್ಯಾಂಕ್ ಯೋಜನೆಯನ್ನು ಪ್ರಾರಂಭಿಸಿತು. ಜಿಲ್ಲೆಗೊಂದು ಬ್ಯಾಂಕು ಹೊಣೆ ಹೊತ್ತು, ಅಲ್ಲಿನ ಸಾಧನ ಸಂಪತ್ತುಗಳನ್ನೂ ಸಾಲದ ಅಗತ್ಯಗಳನ್ನೂ ಸಮೀಕ್ಷಿಸಬೇಕೆಂಬುದು ಅದರ ತತ್ತ್ವ. ದಕ್ಷಿಣ ಕನ್ನಡದಲ್ಲಿ ಆ ಹೊಣೆ ಸಿಂಡಿಕೇಟ್ ಬ್ಯಾಂಕಿಗೆ ಸಂದಿತು. ಓಣಿಯ ಅರಿವು ಹೀಗೆ ಜಿಲ್ಲೆಯ ಅಂಕಿಸಂಖ್ಯೆಯಾಯಿತು. ಇದರಿಂದ ವ್ಯಾಪ್ತಿ ಹೆಚ್ಚಿತೆಂಬುದು ನಿಸ್ಸಂದೇಹ. ಆದರೆ ಕೋಷ್ಟಕದಲ್ಲಿ ಮನೆಯ ಮುಖ ಕಾಣದು. ೨೦೨೦ರ ಏಪ್ರಿಲ್ ೧ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದುವು. ಉಡುಪಿಯ ಮಣ್ಣಿನಲ್ಲಿ ಹುಟ್ಟಿದ ಎರಡು ಹೆಸರುಗಳು ಒಂದೇ ದಿನ ಚರಿತ್ರೆಗೆ ಸೇರಿದುವು.

ಲೆಕ್ಕದಲ್ಲಿ ಕಾಣದವರ ಗತಿಯೇನೆಂಬುದಕ್ಕೆ ಕಡಲ ದಂಡೆಯೇ ಉದಾಹರಣೆ. ಹಿಂದೆ ಊರಿನ ಹಲವು ಕುಟುಂಬಗಳು ಸೇರಿ ರಂಪಣಿ ಬಲೆಯನ್ನು ದಡದಿಂದ ಎಳೆದು, ಮೀನನ್ನು ಪಾಲು ಹಂಚಿಕೊಳ್ಳುತ್ತಿದ್ದರು. ಮೀನು ಆಯಾ ಊರಿನ ಮರಳಿನ ಮೇಲೆಯೇ ಬೀಳುತ್ತಿದ್ದುದರಿಂದ ಮೊಗವೀರ ಸ್ತ್ರೀಯರು ಅದನ್ನು ಬುಟ್ಟಿಗೆ ತುಂಬಿಕೊಂಡು ಒಳನಾಡಿಗೆ ನಡೆಯುತ್ತಿದ್ದರು. ೧೯೭೦ರ ದಶಕದ ಮಧ್ಯದಲ್ಲಿ ಯಂತ್ರದೋಣಿಗಳೊಡನೆ ಪರ್ಸೀನ್ ಬಲೆಗಳು ಬಂದಾಗ ಮೀನು ಮಲ್ಪೆಯಂತಹ ಬಂದರುಗಳಲ್ಲಿ ಕೇಂದ್ರೀಕೃತವಾಯಿತು. ರಂಪಣಿಯು ಬಹುಮಟ್ಟಿಗೆ ಅಳಿಯಿತು. ದೋಣಿ, ಬಲೆ, ಮೀನಿನ ತೂಕ ಇವುಗಳಿಗೆ ಲೆಕ್ಕವಿದ್ದಿತು. ಊರ ದಡದಲ್ಲಿ ಮೀನು ಪಡೆಯುತ್ತಿದ್ದ ಹೆಂಗಸು ಇನ್ನು ಬಂದರಿಗೆ ಹೋಗಿ ದೊಡ್ಡ ವರ್ತಕರೆದುರು ಏಲಂ ಕೂಗಬೇಕಾಗುವುದೆಂಬುದು ಆ ಲೆಕ್ಕದ ಹೊರಗೆ ಉಳಿಯಿತು.

ಇನ್ನು ಉತ್ಪಾದಕರ ಬಳಿ ಇರುವ ಅರಿವಿನ ಕಡೆಗೆ ತಿರುಗೋಣ. ಕಾಪು ತಾಲೂಕಿನ ಶಂಕರಪುರವು ಮಲ್ಲಿಗೆಗೆ ಹೆಸರುವಾಸಿ. ಮನೆಯ ಹಿತ್ತಿಲಲ್ಲಿ ಬೆಳೆದ ಮೊಗ್ಗನ್ನು ಮುಂಜಾನೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕಟ್ಟೆಗೆ ಕಳುಹಿಸುವ ಕೆಲಸ ಬಹುಪಾಲು ಹೆಂಗಸರದು. ೮೦೦ ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬುದು ಅಲ್ಲಿನ ಲೆಕ್ಕ. ಆಯಾ ದಿನದ ಧಾರಣೆ ಶಂಕರಪುರದಲ್ಲಿ ಗೊತ್ತಾಗಿ, ಹೂವು ಮಂಗಳೂರು, ಮುಂಬಯಿಗಳವರೆಗೆ ಹೋಗುತ್ತದೆ. ಎಣಿಕೆಯಲ್ಲಿ ಇಷ್ಟು ನಿಖರತೆಯುಳ್ಳ ಈ ವ್ಯವಸ್ಥೆಯಲ್ಲಿ ಬೆಳೆಗಾರಳ ದೌರ್ಬಲ್ಯ ಒಂದೇ: ಅರಳಲಿರುವ ಮೊಗ್ಗು ನಾಳೆಯವರೆಗೆ ಕಾಯದು. ಧಾರಣೆ ಇಳಿದ ದಿನವೂ ಅವಳು ಕೊಡಲೇಬೇಕು.

ಇಲ್ಲಿ ನಮಗೆ ಮುಖ್ಯವೆನಿಸುವ ತತ್ತ್ವವೊಂದು ಹೊಳೆಯುತ್ತದೆ. ಮಾರುಕಟ್ಟೆಯಲ್ಲಿ ಬಲವೆಂಬುದು ಬಹುಮಟ್ಟಿಗೆ ಕಾಯುವ ಶಕ್ತಿ. ಮೀನು ಕಾಯದು, ಮಲ್ಲಿಗೆ ಕಾಯದು. ಸೀರೆ ಕಾದೀತು, ಆದರೆ ನೇಕಾರನ ಒಲೆ ಕಾಯದು. ವರ್ತಕನಾದರೋ ಕಾಯಬಲ್ಲ. ಎರಡಾಣೆಯ ಉಳಿತಾಯದ ನಿಜವಾದ ಅರ್ಥವೂ ಇದೇ. ಅದು ಬಡವನಿಗೆ ಕೆಲವು ದಿನಗಳ ಕಾಯುವ ಶಕ್ತಿಯನ್ನು ಕೊಟ್ಟಿತು. ಒಬ್ಬೊಬ್ಬನು ಗಳಿಸಲಾರದ ಈ ಶಕ್ತಿಯನ್ನು ಸಂಘದ ಮೂಲಕ ಗಳಿಸುವ ಯತ್ನಗಳೂ ಈ ಸೀಮೆಯಲ್ಲಿವೆ. ವಾದಿರಾಜಸ್ವಾಮಿಗಳ ಪ್ರಸಾದವೆಂದು ಐತಿಹ್ಯವಿರುವ ಮಟ್ಟುಗುಳ್ಳಕ್ಕೆ ೨೦೧೧ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಮಟ್ಟುವಿನ ಬೆಳೆಗಾರರ ಸಂಘವು ಗುಳ್ಳವನ್ನು ಒಂದೆಡೆ ತರಿಸಿ, ವಿಂಗಡಿಸಿ, ಗುರುತಿನ ಚೀಟಿಯನ್ನಂಟಿಸಿ ಮಾರಾಟಕ್ಕೆ ಕಳುಹಿಸುವ ಕ್ರಮವನ್ನು ರೂಢಿಸಿತು. ಕಾರ್ಕಳದ ಕದಿಕೆ ಟ್ರಸ್ಟ್ ಉಡುಪಿ ಸೀರೆಯ ಪುನರುಜ್ಜೀವನಕ್ಕೆ ತೊಡಗಿ, ಸೀರೆಯೊಡನೆ ಅದನ್ನು ನೇಯ್ದವರ ಹೆಸರೂ ಗಿರಾಕಿಗೆ ತಲಪುವಂತೆ ಮಾಡಿದೆ. ವರ್ತಕರ ಕಿರ್ದಿಯಲ್ಲಿ ಕಾಣದಿದ್ದ ಹೆಸರು ಇಲ್ಲಿ ಸರಕಿನ ಮೇಲೆಯೇ ಕಾಣುತ್ತದೆ.

ಆದರೆ ಇದರಿಂದ ತೃಪ್ತರಾಗುವಂತಿಲ್ಲ. ಸಂಘದಲ್ಲಿ ಗದ್ದೆಯ ಒಡೆಯನಿಗೆ ಸ್ಥಾನವಿದ್ದರೂ ಕೂಲಿಯಾಳಿಗೆ ಇರುವುದೇ? ಬಿಳಲು ಬಿದಿರುಗಳಿಂದ ಬುಟ್ಟಿ ಹೆಣೆದು, ಗುಳ್ಳವನ್ನೂ ಮೀನನ್ನೂ ಹೊರಲು ಸಾಧನ ಒದಗಿಸಿದ ಕೊರಗ ಕುಶಲಿಗಳನ್ನು ಯಾವ ನಕ್ಷೆಯಲ್ಲಿ ಗುರುತಿಸಿದ್ದೇವೆ? ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ ಮಾತ್ರಕ್ಕೆ ಎಲ್ಲರ ಮಾತೂ ಸಮನಾಗಿ ಕೇಳಿಸದು. ಸಾಲಗಾರನು ಸಾಲಿಗನ ಎದುರಿಗೆ ಬಡ್ಡಿಯ ಮಾತೆತ್ತುವುದು ಕಷ್ಟ.

ಆಳುವವರ ನಕ್ಷೆ ಕಂದಾಯವನ್ನು ತೋರಿಸಿತು. ಬ್ಯಾಂಕಿನ ನಕ್ಷೆ ಉಳಿತಾಯವನ್ನೂ ಸಾಲದ ಅಗತ್ಯವನ್ನೂ ತೋರಿಸಿತು. ದುಡಿಯುವವರ ನಕ್ಷೆ ಇನ್ನೂ ಪೂರ್ಣವಾಗಿಲ್ಲ. ಅದನ್ನು ಪೂರ್ಣಗೊಳಿಸುವ ಕಾರ್ಯದಲ್ಲಿ ನಮ್ಮ ಕಾಲೇಜುಗಳ ಚರಿತ್ರ ವಿಭಾಗಗಳಿಗೂ ಪಾಲಿದೆ. ಹಳೆಯ ಪಿಗ್ಮಿ ಏಜಂಟರೂ ರಂಪಣಿ ಎಳೆದ ಹಿರಿಯರೂ ಮಗ್ಗದ ಮುಂದೆ ಕುಳಿತವರೂ ನಮ್ಮ ವಿದ್ಯಾರ್ಥಿಗಳ ಊರುಗಳಲ್ಲಿ ಇನ್ನೂ ಇದ್ದಾರೆ. ಅವರು ನಡೆದ ದಾರಿಯನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದಕ್ಕೆ ಬೇಕಾದುದು ಒಂದು ನೋಟ್‌ಬುಕ್ಕು ಮತ್ತು ಕೆಲವು ಭಾನುವಾರಗಳು. ಆ ಪೀಳಿಗೆ ಕಣ್ಮರೆಯಾದ ಮೇಲೆ ಅವರು ಬಲ್ಲ ದಾರಿಯನ್ನು ಯಾವ ದಫ್ತರವೂ ನಮಗೆ ತೋರಿಸಲಾರದು.