ವ್ಯವಹಾರ ಅರ್ಥಶಾಸ್ತ್ರ ಶಿಕ್ಷಣ, ದಕ್ಷಿಣ ಬೆಂಗಳೂರು

ವ್ಯವಹಾರ ಅರ್ಥಶಾಸ್ತ್ರವು ಉದ್ದಿಮೆಯ ನಿರ್ಧಾರಗಳಿಗೆ ಅರ್ಥಶಾಸ್ತ್ರದ ತತ್ತ್ವಗಳನ್ನು ಅನ್ವಯಿಸುವ ಅಧ್ಯಯನ ಶಾಖೆ. ಬೇಡಿಕೆಯ ಅಂದಾಜು ಮತ್ತು ಸ್ಥಿತಿಸ್ಥಾಪಕತ್ವ, ಉತ್ಪಾದನಾ ವೆಚ್ಚ, ಮಾರುಕಟ್ಟೆಯ ಸ್ವರೂಪ, ಬೆಲೆ ನಿಗದಿ ಇದರ ಮುಖ್ಯ ವಸ್ತು. 1951ರಲ್ಲಿ ಹೊರಬಂದ ಜೋಯಲ್ ಡೀನ್ ಅವರ ‘ಮ್ಯಾನೇಜೀರಿಯಲ್ ಎಕನಾಮಿಕ್ಸ್’ ಈ ಕ್ಷೇತ್ರದ ಆರಂಭಿಕ ಪ್ರಮುಖ ಗ್ರಂಥ.

ಜಯನಗರ, ಬನಶಂಕರಿ, ಜೆ.ಪಿ. ನಗರದ ಕಾಲೇಜುಗಳಲ್ಲಿ ಈ ವಿಷಯವನ್ನು ಹೆಚ್ಚಾಗಿ ಬಿ.ಕಾಂ. ಮತ್ತು ಬಿ.ಬಿ.ಎ. ಪದವಿಗಳ ಭಾಗವಾಗಿ ಕಲಿಸಲಾಗುತ್ತದೆ. ಉನ್ನತ ಹಂತದ ಪ್ರಮುಖ ಕೇಂದ್ರ, 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆ (ಐಐಎಂ). ಬಿ.ವಿ. ದೋಶಿ ವಿನ್ಯಾಸಗೊಳಿಸಿದ ಅದರ ಆವರಣ ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿದೆ. ಅಲ್ಲಿನ ಎರಡು ವರ್ಷದ ಎಂಬಿಎ ವಿದ್ಯಾರ್ಥಿಗಳು ಮೊದಲ ವರ್ಷದ ನಂತರದ ಬೇಸಿಗೆಯಲ್ಲಿ ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಮಾಡುತ್ತಾರೆ. ಅದರ ಆಯ್ಕೆ ತಿಂಗಳುಗಳ ಮೊದಲೇ ಮುಗಿದಿರುತ್ತದೆ. ಚೆನ್ನಾಗಿ ದುಡಿದವರಿಗೆ ಅದೇ ಕಂಪನಿ ಖಾಯಂ ಕೆಲಸ ಕೊಡುವುದುಂಟು.

ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಕೆಲಸದ ಹಾದಿ ಇದಕ್ಕಿಂತ ಕಠಿಣ. ಆಪ್ಟಿಟ್ಯೂಡ್ ಪರೀಕ್ಷೆ, ಗುಂಪು ಚರ್ಚೆ, ಸಂದರ್ಶನಗಳಲ್ಲಿ ಅವರಿಗೆ ಎಂಜಿನಿಯರಿಂಗ್ ಪದವೀಧರರೂ ಎದುರಾಗುತ್ತಾರೆ. ಎಕ್ಸೆಲ್, ಟ್ಯಾಲಿ ತಂತ್ರಾಂಶಗಳ ಮೇಲಿನ ಹಿಡಿತದ ಜೊತೆಗೆ ಇಂಗ್ಲಿಷ್ ಮಾತುಗಾರಿಕೆಯೂ ಅಳತೆಗೋಲಾಗುವುದರಿಂದ, ವಿಷಯ ಬಲ್ಲ ಕನ್ನಡ ಮಾಧ್ಯಮದವರು ಹಿಂದೆ ಬೀಳುವುದು ಈ ವ್ಯವಸ್ಥೆಯ ನಿಜವಾದ ಕೊರತೆ.

ಕೆಲಸದ ಅನುಭವ ಪಡೆಯಲು ಸರ್ಕಾರಿ ದಾರಿಗಳೂ ಇವೆ. ಅಪ್ರೆಂಟಿಸ್ ಕಾಯ್ದೆಯ (1961) ವ್ಯಾಪ್ತಿಗೆ 2014ರ ತಿದ್ದುಪಡಿಯು ತಾಂತ್ರಿಕೇತರ ಪದವೀಧರರನ್ನೂ ತಂದಿತು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯು ತಿಂಗಳಿಗೆ 5,000 ರೂ. ನೆರವು ನಿಗದಿಪಡಿಸಿತು; ಆಗ ಪೂರ್ಣಾವಧಿ ವ್ಯಾಸಂಗದಲ್ಲಿದ್ದವರು ಅದಕ್ಕೆ ಅರ್ಹರಾಗಿರಲಿಲ್ಲ.